ಕೊನೆಯವರು ಬಂದ ತಕ್ಷಣ ಹೊರಡುವವರಿಗೆ

ಗುಂಪಿನಲ್ಲಿ ಮೌಂಟನ್ ಬೈಕ್ ಹೊಡೆಯೋಕೆ ಹೋದಾಗ ಒಂದು ವಿಷಯ ನನಗೆ ಭಾರೀ ಸಿಟ್ಟು ತರಿಸುತ್ತದೆ. ಮುಂದಿನವರು ತಿರುವಿನಲ್ಲಿ ನಿಂತು ಕಾಯುತ್ತಾರೆ. ನೀರು ಕುಡಿದು, ಶೇಂಗಾ ಚಿಕ್ಕಿ ತಿಂದು, ಫೋಟೋ ತೆಗೆದುಕೊಂಡು ಆರಾಮಾಗಿ ಕೂತಿರುತ್ತಾರೆ. ಹಿಂದಿನವರು ಏದುಸಿರು ಬಿಡುತ್ತಾ ಬಂದು ಒಂದು ಕಾಲು ನೆಲಕ್ಕೆ ಊರಬೇಕು, ಅಷ್ಟರಲ್ಲೇ 'ಎಲ್ಲಾರೂ ಬಂದ್ರು, ನಡೀರಿ ನಡೀರಿ!' ಬಾಟಲಿ ಮುಚ್ಚಳ ತೆಗೆಯೋಕೂ ಪುರುಸೊತ್ತಿಲ್ಲ. ಜಾಸ್ತಿ ದಣಿದವರಿಗೇ ವಿಶ್ರಾಂತಿ ಇಲ್ಲ ಅಂದ್ರೆ ಇದ್ಯಾವ ನ್ಯಾಯ?

ನಾವು ಕಲಬುರಗಿಯವರು, ಸಪಾಟು ಎರೆನೆಲದ ರಸ್ತೆಗಳಲ್ಲಿ ಸೈಕಲ್ ಹೊಡೆದವರು. ಎದುರುಗಾಳಿ ಇದ್ದರೆ ಮುಂದಿನವರ ಚಕ್ರದ ಹಿಂದೆ ಅಂಟಿಕೊಂಡರಾಯಿತು, ಅರ್ಧ ಕಷ್ಟ ಅವರದ್ದೇ. ಮುಳ್ಳಯ್ಯನಗಿರಿಯ ಏರಿನಲ್ಲಿ ಆ ಆಸರೆ ಇಲ್ಲ. 1,930 ಮೀಟರ್ ಎತ್ತರದ ಶಿಖರ ಅದು. ವೇಗ ತೀರಾ ಕಡಿಮೆ, ಗಾಳಿಯ ತಡೆಯೂ ಕಡಿಮೆ, ಹಾಗಾಗಿ ಇನ್ನೊಬ್ಬರ ಹಿಂದೆ ಅಂಟಿಕೊಂಡು ಬಂದರೂ ಶ್ರಮ ಹೆಚ್ಚೇನೂ ಉಳಿಯುವುದಿಲ್ಲ. ಮೈತೂಕ, ಸೈಕಲ್ ತೂಕ ಎರಡನ್ನೂ ಅವರವರೇ ಎಳೆಯಬೇಕು. ಊರಲ್ಲಿ ಜೊತೆಜೊತೆಗೆ ಹೋಗುವವರು ಅಲ್ಲಿ ಚದುರುವುದು ಸಹಜ ಅಲ್ವಾ?

ಕಾಯುವುದಾದರೆ ಕೊನೆಯವರು ಬಂದ ಮೇಲೆ ಐದು ನಿಮಿಷ ನಿಲ್ಲಿ. ಆಗಲ್ಲ ಅಂದ್ರೆ 'ತುದಿಯಲ್ಲೇ ಸಿಗೋಣ' ಅಂತ ಬೆಳಿಗ್ಗೆಯೇ ಹೇಳಿಬಿಡಿ. ನಾನು ನನ್ನ ಪಾಡಿಗೆ ನಿಂತು, ನೀರು ಕುಡಿದು ಬರುತ್ತೇನೆ.