ವಾಗ್ನರ್ ಎಂದ ಮಾತ್ರಕ್ಕೆ ಗಾಡಿ ಮಾಡಿದವರಲ್ಲ

ನಮ್ಮ ಅಳಿಯ ಅಮೆರಿಕದವರು, ಹಿರಿಯರು ಜರ್ಮನಿಯಿಂದ ಬಂದವರು. ಮನೆತನದ ಹೆಸರು ವಾಗ್ನರ್, ಅಂದರೆ ಗಾಡಿ ಮಾಡುವವನು. ಅವರ ಮನೆಯಲ್ಲಿ ‘ವಾಗ್ನರ್ ವಂಶದ ಲಾಂಛನ’ ಅಂತ ಕಟ್ಟು ಹಾಕಿಸಿದ ಚಿತ್ರವೊಂದಿದೆ. ಯಾರೋ ದುಡ್ಡು ಕೊಟ್ಟು ತರಿಸಿದ್ದು. ಈ ವ್ಯಾಪಾರ ಕಂಡರೆ ನನಗೆ ಸಿಟ್ಟು ಬರುತ್ತದೆ. ಗಾಡಿ ಮಾಡುವವರು ಜರ್ಮನಿಯ ಊರೂರಲ್ಲೂ ಇದ್ದರು. ಒಂದಕ್ಕೊಂದು ಸಂಬಂಧವಿಲ್ಲದ ಎಷ್ಟೋ ಮನೆಗಳಿಗೆ ಇದೇ ಹೆಸರು ಬಂತು. ಅಷ್ಟೂ ಮನೆಗೆ ಒಂದೇ ಲಾಂಛನ ಎಲ್ಲಿಂದ ಬರಬೇಕು?

ಹೆಸರು ನೋಡಿ ಕಸುಬು ಹೇಳುವುದೂ ಅಷ್ಟೇ. ಈ ಹೆಸರುಗಳು ಹೆಚ್ಚಾಗಿ 1200ರಿಂದ 1600ರ ನಡುವೆ ನೆಲೆ ನಿಂತವು. ಆಮೇಲೆ ಮಕ್ಕಳು ಬೇರೆ ಕೆಲಸ ಹಿಡಿದರೂ ಹೆಸರು ಬದಲಾಗಲಿಲ್ಲ. ಹುಬ್ಬಳ್ಳಿ ಕಡೆ ಬಡಿಗೇರ ಅನ್ನುವವರು ಬ್ಯಾಂಕಿನಲ್ಲೂ ಇರುತ್ತಾರೆ, ಅಲ್ವಾ?

ಹೆಸರಿನಿಂದ ಸಿಗುವುದು ಸೀಮೆಯ ಸುಳಿವು ಮಾತ್ರ. ಇದೇ ಕಸುಬಿನವನು ದಕ್ಷಿಣದಲ್ಲಿ ವಾಗ್ನರ್, ವಾಯವ್ಯದಲ್ಲಿ ರಾಡೆಮಾಖರ್, ಈಶಾನ್ಯದಲ್ಲಿ ಶ್ಟೆಲ್‌ಮಾಖರ್.

ಹುಡುಕಬೇಕಾದ್ದು ಹಿರಿಯರು ಬಿಟ್ಟು ಬಂದ ಊರನ್ನು. ಹ್ಯಾಂಬರ್ಗ್ ಬಂದರಿನ ಪ್ರಯಾಣಿಕರ ಪಟ್ಟಿಗಳು 1850ರಿಂದ ಉಳಿದಿವೆ. ಬ್ರೆಮೆನ್‌ನವು ಬಹುಪಾಲು ನಾಶವಾಗಿವೆ. ನೈರುತ್ಯದ ಎಷ್ಟೋ ಜನ ಫ್ರಾನ್ಸಿನ ಲ ಹಾವ್ರ್ ಬಂದರಿನಿಂದ ಹಡಗು ಹತ್ತಿದರು. ಅದಕ್ಕೇ ಮೊದಲು ಅಮೆರಿಕದ ಕಡೆಯ ಕಾಗದಗಳನ್ನೇ ಜಾಲಾಡಬೇಕು. ಚರ್ಚಿನ ಮದುವೆ ದಾಖಲೆ, ಪೌರತ್ವದ ಅರ್ಜಿ, ಸಮಾಧಿ ಕಲ್ಲು. ಅಳಿಯನಿಗೆ ಊರು ಸಿಕ್ಕಿದ್ದು ಮನೆಯ ಹಳೇ ಬೈಬಲ್ಲಿನ ಒಳರಟ್ಟಿನ ಮೇಲೆ. ವ್ಯುರ್ಟೆಂಬರ್ಗಿನ ಸ್ವೇಬಿಯನ್ ಆಲ್ಬ್ ಬೆಟ್ಟಸಾಲಿನ ಒಂದು ಹಳ್ಳಿ.

ಇಡೀ ಜರ್ಮನಿಗೆ ಸರ್ಕಾರಿ ಜನನ ಮರಣ ನೋಂದಣಿ ಬಂದದ್ದು 1876ರಲ್ಲಿ. ಅದಕ್ಕೂ ಹಿಂದಿನದಕ್ಕೆ ಚರ್ಚಿನ ಪುಸ್ತಕಗಳೇ ಗತಿ. ವ್ಯುರ್ಟೆಂಬರ್ಗಿನಲ್ಲಿ ಅವನ್ನು ಇಡಲು ಅಪ್ಪಣೆಯಾದದ್ದು 1558ರಲ್ಲಿ. ಅಳಿಯ ತೋರಿಸಿದ ಪುಟ ಹಳೇ ಕುರೆಂಟ್ ಮೋಡಿ ಬರಹದ್ದು. ಅದರಲ್ಲಿ ‘e’ ಅಕ್ಷರ ‘n’ ಥರಾ ಕಾಣುತ್ತದೆ. ಮಗುವಿನ ಹೆಸರು, ಅಪ್ಪನ ಹೆಸರು, ಪಕ್ಕದಲ್ಲೇ ಅವನ ಕಸುಬು. ವಾಗ್ನರ್, ನೇಕಾರ! ಹಿಂದಿನ ತಲೆಮಾರಿನವನೂ ನೇಕಾರನೇ. ಆ ಬೆಟ್ಟಸಾಲು ನಾರುಬಟ್ಟೆ ನೇಯ್ಗೆಗೆ ಹೆಸರಾದದ್ದು. ಮಗ್ಗದ ಮುಂದೆ ಬೆನ್ನು ಬಗ್ಗಿಸಿ ಕೂತ ಆ ಮನುಷ್ಯನ ಬಗ್ಗೆ ನನಗೆ ತುಂಬ ಅಕ್ಕರೆ ಹುಟ್ಟಿತು. ಯಾವ ಲಾಂಛನವೂ ಅವನ ಸುದ್ದಿ ಹೇಳಿರಲಿಲ್ಲ.

ಮೂವತ್ತು ವರ್ಷಗಳ ಯುದ್ಧದಲ್ಲಿ, ಅಂದರೆ 1618ರಿಂದ 1648ರವರೆಗೆ, ಎಷ್ಟೋ ಹಳ್ಳಿಗಳ ಪುಸ್ತಕಗಳು ಸುಟ್ಟುಹೋದವು. ಅಲ್ಲಿಗೆ ದಾರಿ ಕಷ್ಟ. ಆದರೆ ಮಗುವಿನ ದೀಕ್ಷಾಸ್ನಾನಕ್ಕೆ ಜೊತೆ ನಿಲ್ಲುವ, ಪುಸ್ತಕದಲ್ಲಿ ಹೆಸರು ಬರೆಸುವ ಜ್ಞಾನ ತಂದೆತಾಯಿ ಸಾಮಾನ್ಯವಾಗಿ ನೆಂಟರೋ ನೆರೆಯವರೋ ಆಗಿರುತ್ತಾರೆ. ಈಗ ಅಳಿಯ ಅವರ ಹೆಸರು ಹಿಡಿದು ಅಕ್ಕಪಕ್ಕದ ಹಳ್ಳಿಗಳ ಪುಸ್ತಕ ನೋಡುತ್ತಿದ್ದಾರೆ.