ಮಾರ್ಥಾ ಹಾಕಿಸಿದ ಸ್ಟೂಲು

ನಮ್ಮ ಫ್ಯಾಮಿಲಿ ಗ್ರೂಪಿಗೆ ಆ ಫಾರ್ವರ್ಡ್ ಮತ್ತೆ ಬಂದಿದೆ. 'ಚುನಾವಣೆಯಲ್ಲಿ ಗಂಡನನ್ನೇ ಸೋಲಿಸಿದ ಹೆಂಡತಿ' ಅಂತ ತಲೆಬರಹ, ಕೆಳಗೆ ಸಾಲುಸಾಲು ನಗುವ ಇಮೋಜಿ. ಅಮೆರಿಕದ ಯೂಟಾ ರಾಜ್ಯ, 1896ರ ನವೆಂಬರ್ 3, ಸ್ಟೇಟ್ ಸೆನೆಟ್ (ರಾಜ್ಯ ಶಾಸಕಾಂಗದ ಮೇಲ್ಮನೆ) ಚುನಾವಣೆ. ಡೆಮಾಕ್ರಟಿಕ್ ಪಕ್ಷದಿಂದ ಡಾಕ್ಟರ್ ಮಾರ್ಥಾ ಹ್ಯೂಸ್ ಕ್ಯಾನನ್, ರಿಪಬ್ಲಿಕನ್ ಪಕ್ಷದಿಂದ ಆಕೆಯ ಗಂಡ ಆಂಗಸ್ ಕ್ಯಾನನ್. ಆಕೆಗೆ 11,413 ಮತ, ಅವರಿಗೆ 8,742. ಇಷ್ಟೂ ನಿಜವೇ. ಆದರೂ ನನಗೆ ಆ ಫಾರ್ವರ್ಡ್ ನೋಡಿದರೆ ಸಂಕಟವಾಗುತ್ತದೆ. ಯಾಕೆ ಅಂತ ಹೇಳುತ್ತೇನೆ.

ಮೊದಲನೆಯದಾಗಿ ಅದು ಗಂಡ ಹೆಂಡತಿಯ ನೇರ ಸ್ಪರ್ಧೆಯೇ ಅಲ್ಲ. ಸಾಲ್ಟ್ ಲೇಕ್ ಕೌಂಟಿಗೆ, ಅಂದರೆ ಜಿಲ್ಲೆಗೆ, ಸೆನೆಟ್‌ನಲ್ಲಿ ಐದು ಸ್ಥಾನ. ಹೆಚ್ಚು ಮತ ಪಡೆದ ಐವರು ಗೆದ್ದಂತೆ. ಎರಡೂ ಪಕ್ಷದವರು ಐದೈದು ಜನರನ್ನು ನಿಲ್ಲಿಸಿದ್ದರು. ಐದಕ್ಕೆ ಐದೂ ಡೆಮಾಕ್ರಟಿಕ್ ಪಕ್ಷದ ಪಾಲಾಯಿತು. ಆ ವರ್ಷ ಯೂಟಾದಲ್ಲಿ ಎದ್ದಿದ್ದು ಬೆಳ್ಳಿಯ ಅಲೆ. ಗಣಿಗಳ ನಾಡು ಅದು. ಚಿನ್ನದ ಜೊತೆ ಬೆಳ್ಳಿಯ ನಾಣ್ಯವನ್ನೂ ಧಾರಾಳವಾಗಿ ಟಂಕಿಸಬೇಕು ಎನ್ನುತ್ತಿದ್ದ ಡೆಮಾಕ್ರಟಿಕ್ ಅಭ್ಯರ್ಥಿ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್‌ಗೆ ಅಧ್ಯಕ್ಷ ಚುನಾವಣೆಯಲ್ಲಿ ಅಲ್ಲಿ ಶೇ 80ಕ್ಕೂ ಹೆಚ್ಚು ಮತ ಬಿತ್ತು. ಆ ಅಲೆಯಲ್ಲಿ ಆಂಗಸ್ ಕೊಚ್ಚಿಹೋದರು. ಅವರ ಜೊತೆಗೇ ರಿಪಬ್ಲಿಕನ್ ಪಟ್ಟಿಯಲ್ಲಿದ್ದ ಎಮ್ಮೆಲೀನ್ ವೆಲ್ಸ್ ಕೂಡ ಸೋತರು. ಹೆಂಗಸರ ಮತದ ಹಕ್ಕಿಗಾಗಿ ವರ್ಷಗಟ್ಟಲೆ ಪತ್ರಿಕೆ ನಡೆಸಿ ಹೋರಾಡಿದ ಹೆಣ್ಣುಮಗಳು ಆಕೆ. ಅದೇ ಪತ್ರಿಕೆಗೆ ಮಾರ್ಥಾ ಹುಡುಗಿಯಾಗಿದ್ದಾಗ ಅಚ್ಚುಮೊಳೆ ಜೋಡಿಸುತ್ತಿದ್ದಳು. ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ಫಾರ್ವರ್ಡ್ ಮಾಡುವವರಿಗೆ ಎಮ್ಮೆಲೀನ್ ಹೆಸರೇ ಗೊತ್ತಿಲ್ಲ.

ಯೂಟಾದ ಹೆಂಗಸರಿಗೆ ಮತದ ಹಕ್ಕು 1870ರಲ್ಲೇ ಸಿಕ್ಕಿತ್ತು. ಅಲ್ಲಿನ ಮಾರ್ಮನ್ ಪಂಥದವರಲ್ಲಿದ್ದ ಬಹುಪತ್ನಿತ್ವವನ್ನು ಹತ್ತಿಕ್ಕಲು ತಂದ ಕಾನೂನಿನಲ್ಲಿ ಅಮೆರಿಕದ ಕಾಂಗ್ರೆಸ್ (ಅಲ್ಲಿನ ಸಂಸತ್ತು) 1887ರಲ್ಲಿ ಅದನ್ನು ಕಿತ್ತುಕೊಂಡಿತು. 1896ರ ಜನವರಿಯಲ್ಲಿ ಯೂಟಾ ರಾಜ್ಯವಾದಾಗ ವಾಪಸ್ ಬಂತು. ಅದೇ ವರ್ಷದ ಕೊನೆಗೆ ಮಾರ್ಥಾ ಗೆದ್ದು ಅಮೆರಿಕದ ಮೊದಲ ಮಹಿಳಾ ಸ್ಟೇಟ್ ಸೆನೆಟರ್ ಆದಳು. ಆಂಗಸ್‌ಗೆ ಆಕೆ ನಾಲ್ಕನೇ ಹೆಂಡತಿ. 1880ರಲ್ಲಿ ಮಿಷಿಗನ್‌ನಲ್ಲಿ ವೈದ್ಯ ಪದವಿ ಪಡೆದವಳು, ಹೆರಿಗೆ ಮಾಡಿಸುತ್ತಿದ್ದವಳು. ತನ್ನ ಕೈಯಲ್ಲಿ ಹುಟ್ಟಿದ ಮಕ್ಕಳ ಅಪ್ಪಂದಿರ ವಿರುದ್ಧ ಬಹುಪತ್ನಿತ್ವದ ಕೇಸುಗಳಲ್ಲಿ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಾಗುತ್ತದೆ ಎಂದು ಕೈಗೂಸನ್ನು ಎತ್ತಿಕೊಂಡು ಇಂಗ್ಲೆಂಡಿಗೆ ಹೋಗಿ ತಲೆಮರೆಸಿಕೊಂಡಿದ್ದಳು. ಇಂಥ ಬದುಕನ್ನು ನಗುವ ಇಮೋಜಿಯ ಕೆಳಗೆ ಹೂತುಹಾಕುವುದು ನನ್ನ ಕೈಲಿ ಆಗುವುದಿಲ್ಲ.

ಇನ್ನು ಆ ಚುನಾವಣೆಯ ನಿಜವಾದ ಫಲಿತಾಂಶಕ್ಕೆ ಬರುತ್ತೇನೆ. ಸೆನೆಟ್‌ಗೆ ಹೋದ ಮಾರ್ಥಾ ರಾಜ್ಯ ಆರೋಗ್ಯ ಮಂಡಳಿಗೆ ದಾರಿ ಮಾಡಿದಳು. ಕಿವುಡ ಮತ್ತು ಕುರುಡು ಮಕ್ಕಳ ಶಿಕ್ಷಣಕ್ಕೆ ಕಾನೂನು ತಂದಳು. ಇನ್ನೊಂದು ಕಾನೂನನ್ನೂ ತಂದಳು: ಅಂಗಡಿಗಳಲ್ಲಿ ಕೆಲಸ ಮಾಡುವ ಹೆಂಗಸರಿಗೂ ಹುಡುಗಿಯರಿಗೂ ಕೂರಲು ಮಾಲೀಕರು ಸ್ಟೂಲು, ಕುರ್ಚಿ ಒದಗಿಸಲೇಬೇಕು.

ಪಿಯುಸಿ ಮುಗಿಸಿ ನಾನು ಎರಡು ವರ್ಷ ಒಂದು ಸೀರೆ ಅಂಗಡಿಯಲ್ಲಿ ಕೆಲಸ ಮಾಡಿದವಳು. ಬೆಳಿಗ್ಗೆ ಹತ್ತಕ್ಕೆ ನಿಂತರೆ ರಾತ್ರಿ ಒಂಬತ್ತರ ತನಕ ನಿಂತೇ ಇರಬೇಕು. ಗಿರಾಕಿಗಳಿಗೆ ಕುಶನ್ ಸೋಫಾ ಇತ್ತು, ನಮಗೆ ಮಣೆಯೂ ಇರಲಿಲ್ಲ. ಅಂಗಡಿ ಖಾಲಿ ಇದ್ದಾಗಲೂ ಕೂರುವ ಹಾಗಿಲ್ಲ, ಕ್ಯಾಮೆರಾದಲ್ಲಿ ಕಾಣುತ್ತದೆ. ಕೌಂಟರಿನ ಹಿಂದೆ ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಾಯಿಸುತ್ತ, ಚಪ್ಪಲಿ ಬಿಚ್ಚಿ ತಣ್ಣನೆಯ ನೆಲಕ್ಕೆ ಪಾದ ಒತ್ತಿಕೊಳ್ಳುತ್ತಿದ್ದೆವು. ಮನೆಗೆ ಬಂದರೆ ಕಾಲುಗೆಜ್ಜೆಯ ಗುರುತು ಊದಿದ ಚರ್ಮದೊಳಗೆ ಇಳಿದಿರುತ್ತಿತ್ತು. ಅವ್ವ ಬಿಸಿನೀರಿಗೆ ಉಪ್ಪು ಹಾಕಿ ಕೊಡುತ್ತಿದ್ದಳು. ಮುಟ್ಟಿನ ದಿನಗಳನ್ನು ಬರೆಯಲು ಹೋಗುವುದಿಲ್ಲ, ಗೊತ್ತಿದ್ದವರಿಗೆ ಗೊತ್ತು.

ಮಾರ್ಥಾ ಡಾಕ್ಟರಾಗಿದ್ದಳು. ದಿನವಿಡೀ ನಿಂತರೆ ಹೆಣ್ಣಿನ ದೇಹಕ್ಕೆ ಏನಾಗುತ್ತದೆ ಎಂದು ಆಕೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಮ್ಮಲ್ಲಿ ಇಂಥ ಕೂರುವ ಹಕ್ಕನ್ನು ಕಾನೂನಿಗೆ ಸೇರಿಸಿದ್ದು ಕೇರಳ, 2018ರಲ್ಲಿ. ಅದೂ ಅಲ್ಲಿನ ಜವಳಿ ಅಂಗಡಿಗಳ ಹೆಂಗಸರು ಬೀದಿಗಿಳಿದು ಹೋರಾಡಿದ ಮೇಲೆ. ತಮಿಳುನಾಡು 2021ರಲ್ಲಿ ಮಾಡಿತು. ಯೂಟಾದ ಆ ಸ್ಟೂಲಿಗೂ ಇವಕ್ಕೂ ನಡುವೆ 120 ವರ್ಷಕ್ಕೂ ಹೆಚ್ಚು.

1899ರಲ್ಲಿ ಮಾರ್ಥಾಗೆ ಮೂರನೇ ಮಗು ಹುಟ್ಟಿತು. ಅದನ್ನೇ ಬಹುಪತ್ನಿತ್ವಕ್ಕೆ ಸಾಕ್ಷಿಯಾಗಿ ಹಿಡಿದು ಆಂಗಸ್ ಮೇಲೆ ಕೇಸಾಗಿ ದಂಡ ಬಿತ್ತು. ಅವಧಿ ಮುಗಿದ ಮೇಲೆ ಆಕೆ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಈ ಭಾಗವೂ ಫಾರ್ವರ್ಡ್‌ನಲ್ಲಿ ಬರುವುದಿಲ್ಲ.

ಗ್ರೂಪಿನಲ್ಲಿ ಯಾರ ಜೊತೆಗೂ ಜಗಳ ಆಡಲಿಲ್ಲ. ಸ್ಟೂಲಿನ ವಿಷಯವನ್ನಷ್ಟೇ ಎರಡು ಸಾಲಿನಲ್ಲಿ ಬರೆದು ಹಾಕಿದೆ. ಸ್ವಲ್ಪ ಹೊತ್ತಿಗೆ ಮಾಲ್ ಒಂದರಲ್ಲಿ ಕೆಲಸಕ್ಕೆ ಹೋಗುವ ತಂಗಿ ಪ್ರತ್ಯೇಕವಾಗಿ ಮೆಸೇಜ್ ಮಾಡಿದಳು: 'ಅಕ್ಕ, ಆ ಕಾನೂನು ನಮಗೂ ಬರುತ್ತಾ?'