ನಂದಿ ಹಾಲ್ಟ್‌ನ ಟಿಕೆಟ್ ಕಿಟಕಿ ತೆಗೀರಿ

ಹೋದ ಭಾನುವಾರ ಸೂರ್ಯೋದಯ ನೋಡೋಣ ಅಂತ ಹೋಗಿ ನಂದಿ ಬೆಟ್ಟದ ಬುಡದಲ್ಲೇ ಒಂದೂವರೆ ಗಂಟೆ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡೆ. ಅಷ್ಟರಲ್ಲಿ ಬಿಸಿಲೇ ಬಂತು. ಬೈಕ್ ತಿರುಗಿಸಿ ನಂದಿ ಹಾಲ್ಟ್ ಸ್ಟೇಷನ್ ಹತ್ರ ಹೋಗಿ ಸುಮ್ನೆ ಕೂತೆ.

ಕಲ್ಲಿನ ಪುಟ್ಟ ಕಟ್ಟಡ. 1915ರಲ್ಲಿ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಶುರುವಾದ ಕಾಲದ್ದು. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರು. ಅವರು ಹುಟ್ಟಿದ ಮುದ್ದೇನಹಳ್ಳಿಯೂ ಇದೇ ಕಡೆ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ವೆಂಕಟಗಿರಿಕೋಟೆ ಎಲ್ಲ ಇದೇ ಸಾಲಿನ ಸ್ಟೇಷನ್‌ಗಳು. ಎರಡು ಹಳಿಗಳ ನಡುವೆ ಬರೀ ಎರಡೂವರೆ ಅಡಿ! ಅಂಥ ಹಳಿ ಮೇಲೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಕೋಲಾರ ದಾಟಿ ಬಂಗಾರಪೇಟೆವರೆಗೂ ಹೋಗಬಹುದಿತ್ತು.

ನಮ್ಮ ತಾತ ರೇಷ್ಮೆ ಗೂಡನ್ನು ಶಿಡ್ಲಘಟ್ಟಕ್ಕೆ ಈ ರೈಲಿನಲ್ಲೇ ಒಯ್ಯುತ್ತಿದ್ದರು. ಚಿಟ್ಟೆ ಗೂಡು ಕೊರೆದು ಹೊರಗೆ ಬರೋದರೊಳಗೆ ಮಾರಬೇಕು, ಮೂಟೆ ಒತ್ತಿ ಕಟ್ಟಿದರೆ ಒಳಗೇ ಬಿಸಿಯಾಗಿ ಕೆಡುತ್ತೆ, ಅದಕ್ಕೆ ದಾರಿಯುದ್ದಕ್ಕೂ ಮೂಟೆಯ ಬಾಯಿ ಬಿಚ್ಚಿಟ್ಟುಕೊಂಡು, ಪಕ್ಕದವರ ಮೊಣಕೈ ತಾಗದ ಹಾಗೆ ಕಾಯ್ದುಕೊಂಡು ಕೂರುತ್ತಿದ್ದರಂತೆ. ರೈಲು ನಿಧಾನ, ನಿಜ. ಆದರೆ ಗೂಡಿಗೆ ಆ ನಿಧಾನವೇ ಒಳ್ಳೇದು ಅನ್ನುತ್ತಿದ್ದರು.

ಆಮೇಲೆ ಬಸ್ಸು, ಲಾರಿ ಜಾಸ್ತಿಯಾದವು. ಬ್ರಾಡ್ ಗೇಜ್ ಬಂತು. ಕೋಲಾರದ ಕಡೆಗೆ ದೊಡ್ಡ ಹಳಿ ಪೂರ್ತಿಯಾಗಿದ್ದು 2013ರಲ್ಲಿ. ಹಳಿ ಅಗಲವಾಯಿತು, ಹಳೇ ಕಟ್ಟಡಗಳಿಗೆ ಬೀಗ ಬಿತ್ತು. ಹಳೇ ಪಾರಂಪರಿಕ ಕಟ್ಟಡಗಳನ್ನು ಕಾಪಾಡೋ ಇಂಟ್ಯಾಕ್ ಸಂಸ್ಥೆಯವರು ಇವನ್ನು ಉಳಿಸೋಕೆ ಕೈಹಾಕಿದ್ದಾರೆ, ಅದಕ್ಕೆ ಕೈಮುಗಿಯಬೇಕು. ಹೆಂಚು ಸರಿಮಾಡಲಿ, ಗಾರೆ ಮಾಡಲಿ. ಆದರೆ ಇವನ್ನು ಮ್ಯೂಸಿಯಂ, ಕೆಫೆ ಮಾಡೋಣ ಅನ್ನೋ ಮಾತು ಕೇಳಿದರೆ ನನಗೆ ಸ್ವಲ್ಪ ಇರಿಸುಮುರಿಸು. ಹಳಿ ಪಕ್ಕದಲ್ಲೇ ಇದೆ ಅಲ್ವಾ? ರೈಲೂ ಓಡುತ್ತಿದೆ. ಮತ್ತೆ ಸ್ಟೇಷನ್ನಿಗೆ ಸ್ಟೇಷನ್ ಕೆಲಸವನ್ನೇ ಕೊಡೋಕೆ ಏನು ಕಷ್ಟ?

2021ರ ಜನವರಿಯಲ್ಲಿ ಇದೇ ಹಳಿ ಮೇಲೆ ವಿಮಾನ ನಿಲ್ದಾಣಕ್ಕೆ ಅಂತ ಹೊಸ ಹಾಲ್ಟ್ ಮಾಡಿದರು. ಅಂದರೆ ಮನಸ್ಸಿದ್ದರೆ ಆಗುತ್ತೆ. ಶನಿವಾರ, ಭಾನುವಾರ ನಸುಕಿಗೇ ಬೆಂಗಳೂರಿನಿಂದ ಒಂದು ರೈಲು ಬಿಡಿ. ನಂದಿ ಹಾಲ್ಟ್‌ನಿಂದ ಬೆಟ್ಟಕ್ಕೆ ಎರಡು ಬಸ್ಸು ನಿಲ್ಲಿಸಿ. ಆ ಹಳೇ ಕಿಟಕಿಯಲ್ಲೇ ವಾಪಸ್ ಟಿಕೆಟ್ ಕೊಡಿ.

ನಾನಂತೂ ಬೈಕ್ ಮನೇಲೇ ಬಿಟ್ಟು ಬರ್ತೀನಿ.